ಒಂಬತ್ತಡಿ ಸಾಲಿನ ಗಾಡಿ

ಅಡಿಕೆ ಸಸಿ ನೆಡುವಾಗ ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 9 ಅಡಿ ಬಿಡಬೇಕೆಂಬುದು ತೋಟಗಾರಿಕೆಯವರು ಹೇಳುವ ಲೆಕ್ಕ. ಮರ ಬಲಿತು, ಬುಡಕ್ಕೆ ಪಾತಿ ಕಟ್ಟಿ, ಹನಿ ನೀರಾವರಿಯ ಪೈಪು ಎಳೆದು, ನಡುವೆ ಒಂದಿಷ್ಟು ಬಾಳೆ ಕಂದು ಊರಿದ ಮೇಲೆ ಗಾಡಿ ನುಗ್ಗಲು ಉಳಿಯುವುದು ಐದಾರು ಅಡಿ ಅಷ್ಟೇ. ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಿಂದ ಭೀಮಸಮುದ್ರ, ಹೊಳಲ್ಕೆರೆ ಕಡೆಗೆ ಹಬ್ಬಿದ ತೋಟಗಳಲ್ಲಿ ಗೊನೆ ಹೊರಬೇಕಾದರೂ ಗೊಬ್ಬರ ಒಳಗೆ ತರಬೇಕಾದರೂ ಈ ಐದಾರು ಅಡಿಯೊಳಗೇ ಆಗಬೇಕು. ಲಾರಿ ಬೇಲಿಯ ಹೊರಗೆ ನಿಲ್ಲುತ್ತದೆ. ದೊಡ್ಡ ಟ್ರ್ಯಾಕ್ಟರ್ ಒಳಗೆ ಬಂದರೆ ತಿರುಗಿಸುವಾಗ ಒಂದೆರಡು ಸಸಿಯ ಆಸೆ ಬಿಡಬೇಕು.

ಗಾಲ್ಫ್ ಮೈದಾನದಲ್ಲಿ ಆಟಗಾರರನ್ನು ಕೂರಿಸಿಕೊಂಡು ಓಡಾಡುವ ಪುಟ್ಟ ಗಾಡಿಯ ಅಗಲ ಸುಮಾರು 4 ಅಡಿ. ಅಡಿಕೆ ಸಾಲಿಗೆ ಅಳತೆ ಕೊಟ್ಟು ಮಾಡಿಸಿದಂತಿದೆ. ದುರ್ಗದ ಸೀಮೆಯವರಿಗೆ ಗಾಲ್ಫ್ ದೂರದ ಮಾತು. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ 1876ರಲ್ಲೇ ಹುಟ್ಟಿದರೂ ಆ ಆಟ ತುಮಕೂರು ದಾಟಿ ಇತ್ತ ಬಂದದ್ದು ಕಾಣೆ. ಆದರೆ ಆ ಗಾಡಿಯನ್ನು ತಮಗೆ ಬೇಕಾದಂತೆ ಕಟ್ಟಿಸಿಕೊಳ್ಳುವ ಅಮೆರಿಕದವರು ಕೇಳಿಕೊಳ್ಳುವ ಎರಡು ಪ್ರಶ್ನೆಗಳು ಇಲ್ಲಿಯವರಿಗೆ ಹೊಸವಲ್ಲ. ತಳ ಯಾವುದು? ಎಂಜಿನ್ ಯಾವುದು?

ಅಲ್ಲಿನ ಕತೆ ಮೊದಲು ಹೇಳಿಬಿಡುವುದು ಒಳ್ಳೆಯದು. ಜಾರ್ಜಿಯಾದ ಆಗಸ್ಟಾ ಊರಿನಲ್ಲಿ ಇ-ಝಡ್-ಗೋ ಕಂಪನಿ 1954ರಲ್ಲಿ ಶುರುವಾಯಿತು. ಮೋಟಾರ್ ಸೈಕಲ್ಲಿಗೆ ಹೆಸರಾದ ಹಾರ್ಲೆ-ಡೇವಿಡ್‌ಸನ್ ಕೂಡ 1963ರಿಂದ ಸುಮಾರು ಎರಡು ದಶಕ ಗಾಲ್ಫ್ ಗಾಡಿ ಮಾಡಿತು. ಜಪಾನಿನ ಯಮಾಹಾ 1978ರಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಡಿ ತಂದಿತು. ಹಳೆಯ ಗಾಡಿ ಕೊಂಡು ಹೊಸದಾಗಿ ಕಟ್ಟುವವರು ಮೊದಲು ನೋಡುವುದು ಚಾಸಿ. ಕ್ಲಬ್ ಕಾರ್ ಕಂಪನಿಯದು ಅಲ್ಯೂಮಿನಿಯಂ, ತುಕ್ಕು ಹಿಡಿಯುವುದಿಲ್ಲ. ಇ-ಝಡ್-ಗೋದು ಉಕ್ಕು, ಬೆಸುಗೆಗೆ ಸಲೀಸು. ಕಂಪನಿ ಕೊಟ್ಟ ಒಂಟಿ ಸಿಲಿಂಡರ್ ಎಂಜಿನ್ ಸಾಲದೆಂದು ಎರಡು ಸಿಲಿಂಡರಿನ, ಇಪ್ಪತ್ತು ಅಶ್ವಶಕ್ತಿ ಮೀರಿದ ಎಂಜಿನ್ ಕೂರಿಸುವ ಚಪಲದವರೂ ಉಂಟು. ಅಲ್ಲೇ ಎಡವಟ್ಟು. ಈ ಗಾಡಿಗಳಲ್ಲಿ ಬಹುಪಾಲಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಗಂಟೆಗೆ ಇಪ್ಪತ್ತು ಇಪ್ಪತ್ನಾಲ್ಕು ಕಿಲೋಮೀಟರಿಗೆಂದು ಮಾಡಿದ ತಳಕ್ಕೆ ಅರವತ್ತರ ಎಂಜಿನ್ ಹಾಕಿದರೆ ಓಡುವುದೇನೋ ಓಡುತ್ತದೆ, ನಿಲ್ಲುವುದೇ ಕಷ್ಟ.

ಚಿತ್ರದುರ್ಗದ ಕಡೆಯ ಗಾಡಿಗಳ ಇತಿಹಾಸ ತೆಗೆದರೂ ತಳಕ್ಕೂ ಎಂಜಿನ್ನಿಗೂ ನಡುವಿನ ಇದೇ ಜಗಳ ಮತ್ತೆ ಮತ್ತೆ ಕಾಣುತ್ತದೆ. ನೆಲ ತಳವನ್ನು ಆರಿಸಿತು. ಎಂಜಿನ್ ಯಾವುದೆಂದು ತೀರ್ಮಾನಿಸಿದವನು ಮಾತ್ರ ರಿಪೇರಿ ಮಾಡುವವನು.

ಇಲ್ಲಿಯ ಮೊದಲ ಎಂಜಿನ್ ಎತ್ತು. ಅದರಲ್ಲೂ ಅಮೃತಮಹಲ್. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳ ಪಡೆ ಹೈದರಾಲಿಯ ಕೈಯಲ್ಲಿ ತೋಪು ಎಳೆಯುವ ದಂಡಾಯಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಚಿದಂಬರದ ನೆರವಿಗೆ ಹೈದರನ ಸೇನೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಹಳೆಯ ಗೆಜೆಟಿಯರುಗಳು ಬರೆದಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳ ಜತೆಗೆ ಅವು ಮೇಯುವ ಹುಲ್ಲುಗಾವಲುಗಳೂ, ಅಂದರೆ ಕಾವಲುಗಳೂ, ಇಂಗ್ಲಿಷರ ಹಿಡಿತಕ್ಕೆ ಹೋದವು. ಅವರೇ 1860ರಲ್ಲಿ ಹಿಂಡನ್ನು ಮಾರಿ, ತೋಪು ಎಳೆಯಲು ಬೇರೆ ಎತ್ತು ಸಾಲದೆ ಪಶ್ಚಾತ್ತಾಪ ಪಟ್ಟು, ಆರೇ ವರ್ಷದಲ್ಲಿ ಮತ್ತೆ ಕೂಡಿಸಲು ಹೊರಟರು.

ಈ ತಳಿಯ ಗುಣ ನೋಡಿದರೆ ಎಂಜಿನ್ ಆರಿಸುವವರು ಮೆಚ್ಚಬೇಕು. ಮೈ ದೊಡ್ಡದಲ್ಲ. ಒಣ ಹುಲ್ಲು ಮೇದು ಬದುಕುತ್ತದೆ, ಬಿಸಿಲಿಗೆ ಜಗ್ಗುವುದಿಲ್ಲ, ಓಟದಲ್ಲಿ ದಣಿಯುವುದಿಲ್ಲ. ಹಾಲು ಮಾತ್ರ ಕಡಿಮೆ. ಎಳೆಯುವುದಕ್ಕೆಂದೇ ಬೆಳೆಸಿದ ತಳಿಯಿಂದ ಹಾಲನ್ನೂ ಕೇಳುವುದು ಅನ್ಯಾಯ. ಹೊಸದುರ್ಗಕ್ಕೆ ಸಮೀಪದ ಅಜ್ಜಂಪುರದಲ್ಲಿ 1929ರಿಂದ ಈ ತಳಿಯ ಸಂವರ್ಧನಾ ಕೇಂದ್ರವಿದೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಈಗ ವಿಜ್ಞಾನ ಸಂಸ್ಥೆಗಳ, ರಕ್ಷಣಾ ಸಂಶೋಧನೆಯ ಪಾಲಾಗಿದೆ. 2017ರಿಂದ ಅಲ್ಲಿ ಚಾಲಕರಿಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಕಾವಲು ಕಳೆದುಕೊಂಡ ಕುರಿ ಸಾಕಣೆಯ ಊರುಗಳ ದೂರು ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ.

ಎತ್ತಿನ ಹಿಂದಿನ ತಳ ಮರದ್ದು. ಮೂಕಿ, ನೊಗ, ಅಚ್ಚು, ಕಬ್ಬಿಣದ ಪಟ್ಟಿ ಬಿಗಿದ ಎರಡು ದೊಡ್ಡ ಗಾಲಿ, ಗಾಲಿ ಕಳಚದಂತೆ ಕಡೆಗೀಲು. ಕುಲುಮೆಯಲ್ಲಿ ಕಾಸಿದ ಪಟ್ಟಿಯನ್ನು ಕೆಂಪಗಿರುವಾಗಲೇ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದರು. ಚುರ್ರೆಂದು ಹೊಗೆ ಎದ್ದು ಪಟ್ಟಿ ಕುಗ್ಗಿ ಮರವನ್ನು ಹಿಡಿದುಕೊಳ್ಳುತ್ತಿತ್ತು. ಅಚ್ಚಿಗೆ ಕೀಲೆಣ್ಣೆ. ಆ ಎಣ್ಣೆಯ ಬುರುಡೆ ಮೂಕಿಯ ಕೆಳಗೆ ತೂಗುತ್ತಿತ್ತು. ಬಡಗಿ, ಕಮ್ಮಾರ ಇಬ್ಬರೂ ಊರಲ್ಲೇ ಇದ್ದರು. ಗಾಡಿ ಕೆಟ್ಟರೆ ಪೇಟೆಗೆ ಹೋಗುವ ಮಾತಿರಲಿಲ್ಲ, ಸುಗ್ಗಿಯಲ್ಲಿ ಇಷ್ಟು ಕಾಳು ಅಳೆದು ಕೊಟ್ಟರೆ ಕೂಲಿ ತೀರಿತು.

ಈ ತಳದಲ್ಲಿ ಕೊರತೆಯೂ ಇತ್ತು. ಕಬ್ಬಿಣದ ಪಟ್ಟಿ ರಸ್ತೆಯನ್ನು ಕೊರೆಯುತ್ತಿತ್ತು, ನೊಗ ಎತ್ತಿನ ಹೆಗಲನ್ನು ತಿನ್ನುತ್ತಿತ್ತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದ ಮುಂದಕ್ಕೆ ಹಟ ಹಿಡಿದು ಮಾತಾಡಿದ್ದು ಇದರ ಬಗ್ಗೆಯೇ. ದೇಶದಲ್ಲಿ ಕೋಟಿಗೂ ಮೀರಿ ಎತ್ತಿನ ಗಾಡಿಗಳಿರುವಾಗ ಅವುಗಳ ಬೇರಿಂಗ್, ನೊಗ, ಚಕ್ರದ ಕಡೆ ಒಬ್ಬ ಎಂಜಿನಿಯರನೂ ನೋಡುವುದಿಲ್ಲವಲ್ಲ ಎಂಬುದು ಅವರ ಸಂಕಟ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥ ಎತ್ತಿನ ಗಾಡಿಯ ಹಿಂದೆ ಬಿದ್ದದ್ದನ್ನು ಕಂಡು ನಕ್ಕವರಿದ್ದರು. ಆದರೆ ಅವರು ಹೇಳಿದ ದಾರಿಯಲ್ಲೇ ಹಳ್ಳಿ ಅದಾಗಲೇ ಒಂದು ಹೆಜ್ಜೆ ಇಟ್ಟಿತ್ತು. ರಬ್ಬರ್ ಟೈರಿನ ಗಾಡಿ, ಜನರ ಬಾಯಲ್ಲಿ ಡನ್ಲಪ್ ಗಾಡಿ, ಊರೂರಿಗೆ ಬಂದಿತ್ತು. ವಾಣಿವಿಲಾಸ ಸಾಗರದ ಕಾಲುವೆ ನೀರಿನಲ್ಲಿ ಕಬ್ಬು ಬೆಳೆದ ಹಿರಿಯೂರು ಸೀಮೆಗೆ ಇದು ಒಗ್ಗಿತು. ಎತ್ತು ಅದೇ, ತಳ ಬದಲು, ಹೊರೆ ಹೆಚ್ಚು. ಈ ಟೈರು ಗಾಡಿಯ ಅಚ್ಚು, ಹಬ್ಬು, ಬೇರಿಂಗುಗಳೇ ಮುಂದೆ ಟಿಲ್ಲರ್ ಟ್ರೈಲರಿಗೂ ದಾರಿ ತೋರಿಸಿದವು.

ನಡುವೆ ಒಂದು ವಿಚಿತ್ರ ಕಾಲ ಬಂದು ಹೋಯಿತು. ಎರಡನೇ ಮಹಾಯುದ್ಧದಲ್ಲಿ, 1941ರಿಂದ ಪೆಟ್ರೋಲಿಗೆ ರೇಷನ್ ಆಯಿತು. ಆಗಿನ ಬಸ್ಸುಗಳೆಲ್ಲ ಖಾಸಗಿಯವರವು. ಮೈಸೂರು ಸರ್ಕಾರ 120 ಬಸ್ಸಿನೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿದ್ದು 1948ರ ಸೆಪ್ಟೆಂಬರಿನಲ್ಲಿ. ಪೆಟ್ರೋಲಿಲ್ಲದ ಬಸ್ ಮಾಲೀಕರು ಚಾಸಿಯನ್ನೂ ಎಂಜಿನ್ನನ್ನೂ ಹಾಗೇ ಉಳಿಸಿಕೊಂಡು, ಹಿಂದೆ ಒಂದು ಕಬ್ಬಿಣದ ಹಂಡೆ ಕಟ್ಟಿದರು. ಅದರೊಳಗೆ ಇದ್ದಿಲು. ಗಾಳಿಯನ್ನು ಸಾಕಷ್ಟು ಕೊಡದೆ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡು ಬರುತ್ತದೆ, ಒಂದಿಷ್ಟು ಹಬೆ ಸೇರಿದರೆ ಜಲಜನಕವೂ. ಬೂದಿ ಸೋಸಿ, ತಣಿಸಿ, ಆ ಗ್ಯಾಸನ್ನು ಎಂಜಿನ್ನಿಗೆ ಉಣಿಸುವುದು. ಬೆಳಗಿನ ಬಸ್ಸಿಗೆ ಕ್ಲೀನರ್ ಹುಡುಗ ನಸುಕಿನಲ್ಲೇ ಎದ್ದು ತಿದಿ ತಿರುಗಿಸುತ್ತ ಕೂರಬೇಕಿತ್ತು. ಇಷ್ಟಾದರೂ ಎಂಜಿನ್ನಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧ, ಸೋರಿಹೋಗುತ್ತಿತ್ತು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳುವುದು ಟಿಕೆಟ್ಟಿನೊಳಗೇ ಸೇರಿದ ಕೆಲಸವಾಗಿತ್ತು. ಹಳಬರಿಗೆ ಇದು ಇದ್ದಿಲು ಬಸ್ಸು. ಯುದ್ಧ ಮುಗಿದು ಪೆಟ್ರೋಲ್ ಸಿಗುತ್ತಿದ್ದಂತೆ ಹಂಡೆಗಳನ್ನು ಕಿತ್ತೆಸೆದರು. ಯಾರಿಗೂ ಬೇಸರವಾದಂತಿಲ್ಲ.

ಹಂಡೆ ಪೂರ್ತಿ ಸಾಯಲಿಲ್ಲ ಎನ್ನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಕಟ್ಟಿಗೆಯ ಗ್ಯಾಸಿನಿಂದ ವಿದ್ಯುತ್ ಕೊಟ್ಟರು. ಅದಕ್ಕೆ ಬಳಸಿದ್ದು 5 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಅಂದರೆ ಬಾವಿಯ ದಂಡೆಯಲ್ಲಿ ಎಲ್ಲರೂ ನೋಡಿದ ಅಳತೆಯದೇ.

ಆ ಅಳತೆಯ ಎಂಜಿನ್ ಊರಿಗೆ ಬಂದ ಬಗೆಯನ್ನು ಹೇಳಲು ಬೆಳಗಾವಿಗೆ ಹೋಗಬೇಕು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿಯಿಂದ ಶುರು ಮಾಡಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದವರು. ಕಬ್ಬಿಣದ ನೇಗಿಲು ನೆಲಕ್ಕೆ ವಿಷ ಎಂದು ರೈತರು ಮೊದಮೊದಲು ಮುಟ್ಟಲಿಲ್ಲ. ಬೆಳಗಾವಿಯಲ್ಲಿ ಜಾಗ ಖಾಲಿ ಮಾಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜ ಕೊಟ್ಟ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾದದ್ದು 1946ರಲ್ಲಿ. ಅದರ 5 ಅಶ್ವಶಕ್ತಿಯ, ನಿಮಿಷಕ್ಕೆ 1500 ಸುತ್ತಿನ ಎವಿ-1 ಎಂಜಿನ್ ನೋಡದ ರೈತನಿಲ್ಲ.

ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ದುರ್ಗದ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರು ಮಾಡಿದರು. ಹರಿಹರ ಆಗ ಚಿತ್ರದುರ್ಗ ಜಿಲ್ಲೆಯ ಊರು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಆ ಕಾರ್ಖಾನೆಯಲ್ಲಿ ಎಂಜಿನ್ ತಯಾರಾಗಲಿಲ್ಲ, ತಯಾರಾದದ್ದು ಲೇತ್. ಎಂಜಿನ್ ಎಲ್ಲಿಂದಲಾದರೂ ತರಬಹುದು. ಸವೆದ ಬುಷ್ ತೆಗೆದು ಹೊಸದು ಕಡೆಯಲು, ಕ್ರ್ಯಾಂಕ್ ಶಾಫ್ಟ್ ಹದ ಮಾಡಲು, ಒಂದು ಗಾಡಿಯ ಹೌಸಿಂಗನ್ನು ಇನ್ನೊಂದರ ಅಗಲಕ್ಕೆ ಕತ್ತರಿಸಿ ಕೂಡಿಸಲು ಲೇತ್ ಬೇಕು, ಅದರ ಮುಂದೆ ನಿಂತು ಕೈ ಪಳಗಿಸಿಕೊಂಡ ಫಿಟ್ಟರ್ ಬೇಕು. ಇವೆರಡೂ ಇರುವ ಊರಿನಲ್ಲಿ ಮಾತ್ರ ಯಂತ್ರ ಹಳೆಯದಾಗುವವರೆಗೆ ಬಾಳುತ್ತದೆ. ಲೇತ್ ಅಂಗಡಿಯಿಲ್ಲದ ಊರಿನಲ್ಲಿ ಅದು ಮೊದಲ ರಿಪೇರಿಗೇ ಗುಜರಿ. ಅಂಥ ಲೇತುಗಳನ್ನು ದೇಶಕ್ಕೆ ಕಟ್ಟಿಕೊಟ್ಟ ಹರಿಹರದ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ನೀರೆತ್ತುವ ಎಂಜಿನ್ನನ್ನು ಗಾಡಿಗೆ ಏರಿಸುವ ಆಲೋಚನೆ ಎಲ್ಲ ಕಡೆ ಬಂದಿದೆ. ಪಂಜಾಬ್, ರಾಜಸ್ಥಾನದಲ್ಲಿ ಜೀಪಿನ ಗೇರ್ ಬಾಕ್ಸು, ಮರದ ಹಲಗೆ, ಪಂಪ್‌ಸೆಟ್ಟಿನ ಎಂಜಿನ್ ಸೇರಿಸಿ ಜುಗಾಡ್ ಮಾಡಿದರು. ಸೌರಾಷ್ಟ್ರದವರು ಎನ್‌ಫೀಲ್ಡ್ ಬೈಕಿನ ಮುಂಭಾಗಕ್ಕೆ ಹಿಂದಿನಿಂದ ಗಾಡಿ ಜೋಡಿಸಿ ಛಕಡಾ ಮಾಡಿದರು. ಚಿತ್ರದುರ್ಗದಲ್ಲಿ ಇದು ಬೇರೂರಲಿಲ್ಲ. ಪಂಪ್‌ಸೆಟ್ ಎಂಜಿನ್ ಭಾರ, ಅದರ ಫ್ಲೈವೀಲು ಇನ್ನೂ ಭಾರ. ಒಂದೇ ವೇಗದಲ್ಲಿ ದಿನವಿಡೀ ತಿರುಗುವುದಕ್ಕೆ ಹುಟ್ಟಿದ ಅದು ನಿಂತು ಹೊರಡುವ ಗಾಡಿಗೆ ಒಗ್ಗುವುದಿಲ್ಲ. ಅಷ್ಟರೊಳಗೆ ಬೆಂಗಳೂರಿನಿಂದಲೇ ಬೇರೊಂದು ಉತ್ತರ ಬಂದಿತ್ತು.

ವಿಎಸ್‌ಟಿ ಟಿಲ್ಲರ್ಸ್ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆಗೆಂದು ರೂಪಿಸಿದ, ಎರಡೇ ಚಕ್ರದ, ಹಿಂದೆ ನಡೆಯುತ್ತ ಹಿಡಿಯುವ ಪವರ್ ಟಿಲ್ಲರ್ ಇಲ್ಲಿ ಶಕ್ತಿ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಕರ್ನಾಟಕದ ರೈತ ಅದನ್ನು ಗದ್ದೆಗೆಂದು ಕೊಂಡು ಗಾಡಿಯಾಗಿ ಬಳಸಿದ. ಉಳುಮೆ ವರ್ಷಕ್ಕೆ ಕೆಲವು ವಾರ, ಟ್ರೈಲರ್ ವರ್ಷವಿಡೀ.

ಟಿಲ್ಲರ್ ಚಾಲೂ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಮುಂದೆ ಮಲಗಿಸಿದ ಒಂಟಿ ಸಿಲಿಂಡರ್, ಪಕ್ಕದಲ್ಲಿ ಫ್ಲೈವೀಲು. ಎಡಗೈಯಲ್ಲಿ ಡಿಕಂಪ್ರೆಷನ್ ಲಿವರ್ ಒತ್ತಿ ಹಿಡಿದು, ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಾರೆ. ಮೊದಲು ನಿಧಾನ, ಆಮೇಲೆ ಜೋರು. ಫ್ಲೈವೀಲಿಗೆ ಸಾಕಷ್ಟು ಓಟ ಬಂತೆನಿಸಿದಾಗ ಲಿವರ್ ಬಿಡಬೇಕು. ಒಂದು ಗುಟುರು, ಒಂದು ಕವಳ ಕಪ್ಪು ಹೊಗೆ, ಆಮೇಲೆ ಟಕಟಕ ಟಕಟಕ. ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತಿ ಹಿಡಿಯಬಾರದು, ಎಂಜಿನ್ ಹಿಂದಕ್ಕೆ ಒದ್ದರೆ ಬೆರಳು ಉಳಿಯುವುದಿಲ್ಲ ಎಂಬುದು ಹಳೆಯ ಚಾಲಕರು ಕಲಿಸುವ ಮೊದಲ ಪಾಠ. ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಶಕ್ತಿ ಹೋಗುವುದು ವಿ-ಬೆಲ್ಟಿನಲ್ಲಿ. ಬೆಲ್ಟ್ ಸಡಿಲವಾದರೆ ಬಿಗಿ ಮಾಡು, ಹರಿದರೆ ಬದಲಿಸು. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಸ್ಪ್ಯಾನರ್ ಇದ್ದರೆ ಮನೆಯವರೇ ಸಾಕು. ಬ್ಯಾಟರಿ ಇಲ್ಲ, ಸೆಲ್ಫ್ ಇಲ್ಲ, ಆದ್ದರಿಂದ ಅವು ಕೆಡುವುದೂ ಇಲ್ಲ.

ಟ್ರೈಲರ್ ಸಿಕ್ಕಿಸಿದಾಗ ಚಾಲಕ ಟ್ರೈಲರಿನ ಮುಂದಿನ ಸೀಟಿನಲ್ಲಿ ಕೂತು ಉದ್ದ ಹಿಡಿಕೆಗಳನ್ನು ಹಿಡಿಯುತ್ತಾನೆ. ಕಾಲಡಿಯ ಬ್ರೇಕ್ ಟ್ರೈಲರಿನ ಚಕ್ರಕ್ಕೆ. ಸ್ಟಿಯರಿಂಗ್ ಎಂಬುದಿಲ್ಲ. ಎರಡು ಹಿಡಿಕೆಗೂ ಒಂದೊಂದು ಕ್ಲಚ್ ಇದೆ, ಎಡಗಡೆಯದನ್ನು ಹಿಸುಕಿದರೆ ಎಡ ಚಕ್ರಕ್ಕೆ ಶಕ್ತಿ ನಿಂತು ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಮಾತ್ರ ಲೆಕ್ಕ ಉಲ್ಟಾ. ಹಿಂದಿನಿಂದ ಹೊರೆ ನೂಕುತ್ತಿರುವಾಗ ಎಡ ಕ್ಲಚ್ ಹಿಸುಕಿದರೆ ಎಂಜಿನ್ನಿನ ಹಿಡಿತ ತಪ್ಪಿದ ಎಡ ಚಕ್ರವೇ ಜೋರಾಗಿ ಉರುಳಿ ಗಾಡಿ ಬಲಕ್ಕೆ ಹೊರಳುತ್ತದೆ. ಇದು ಗೊತ್ತಿಲ್ಲದವರು ಟಿಲ್ಲರ್ ಹಿಡಿದು ಕೆರೆ ಏರಿಯಿಂದ ಇಳಿಯಲೇಬಾರದು. ಕೇಂದ್ರದ ಮೋಟಾರು ವಾಹನ ನಿಯಮಗಳಲ್ಲೂ ಪವರ್ ಟಿಲ್ಲರಿಗೆ ಪ್ರತ್ಯೇಕ ವ್ಯಾಖ್ಯೆಯಿದೆ. ಟ್ರೈಲರ್ ಕಟ್ಟಿದಾಗ ವೇಗ ಗಂಟೆಗೆ 22 ಕಿಲೋಮೀಟರ್ ಮೀರಬಾರದು, ಹೊರೆ ಒಂದೂವರೆ ಟನ್ ಮೀರಬಾರದು. ಗಾಲ್ಫ್ ಗಾಡಿಯ ವೇಗವೂ ಹೆಚ್ಚುಕಡಿಮೆ ಇಷ್ಟೇ, ಹೊರೆ ಮಾತ್ರ ಅದರ ಹಲವು ಪಟ್ಟು. ಹಾಗಾಗಿ ಅಡಿಕೆ ಸೀಮೆಯ ಗಾಲ್ಫ್ ಗಾಡಿ ಎಂದು ಯಾವುದಕ್ಕಾದರೂ ಹೆಸರಿಡುವುದಾದರೆ ಅದು ಟಿಲ್ಲರ್ ಟ್ರೈಲರಿಗೇ ಸಲ್ಲಬೇಕು. ಕೂತವರ ಸೊಂಟದ ಅಭಿಪ್ರಾಯ ಬೇರೆ ಇರಬಹುದು.

ತಳವೂ ಎಂಜಿನ್ನೂ ಒಟ್ಟಿಗೆ ಬಂದ ಟಿಲ್ಲರಿಗೆ ಹೋಲಿಸಿದರೆ ಜೀಪಿನ ಕತೆ ಕಸಿ ಮಾಡಿದ್ದು. ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರ ಕಂಪನಿ ಜೋಡಿಸಲು ಶುರು ಮಾಡಿದ ವಿಲ್ಲಿಸ್ ಜೀಪು ಪೆಟ್ರೋಲ್ ಕುಡಿಯುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಅದನ್ನು ಸಾಕುವುದು ಆನೆ ಸಾಕಿದಂತಾಯಿತು. ಕಂಪನಿಯೇ ತನ್ನ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಜೀಪಿಗೆ ಇಳಿಸಿತು, ಆಮೇಲೆ ಫ್ರಾನ್ಸಿನ ಪ್ಯೂಜೊ ಎಂಜಿನ್ ತಂದಿತು. ಗ್ಯಾರೇಜುಗಳು ಅದಕ್ಕೂ ಕಾಯಲಿಲ್ಲ, ಮೆಟಡಾರಿನ ಡೀಸೆಲ್ ಎಂಜಿನ್ ಇಳಿಸಿ ಕೂರಿಸಿದವು. ಎಂಜಿನ್ ಮೌಂಟಿಂಗಿಗೆ ಹೊಸ ಬ್ರ್ಯಾಕೆಟ್, ಗೇರ್ ಬಾಕ್ಸಿಗೂ ಎಂಜಿನ್ನಿಗೂ ನಡುವೆ ಲೇತಿನಲ್ಲಿ ಕಡೆದ ಅಡಾಪ್ಟರ್ ಪ್ಲೇಟು, ಮುಂದಿನ ಭಾರಕ್ಕೆ ಇನ್ನೊಂದು ಪಟ್ಟಾ. ಕೆಲವು ಕಸಿ ಹಿಡಿಯಿತು, ಕೆಲವು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಯಿತು. ಟ್ರ್ಯಾಕ್ಟರಿನ ಎಂಜಿನ್ ಎಳೆಯುವುದರಲ್ಲಿ ಗಟ್ಟಿ, ಓಡುವುದರಲ್ಲಿ ಸೋಮಾರಿ. ಅದರ ನಡುಕಕ್ಕೆ ಜೀಪಿನ ಬಾಡಿಯ ಬೋಲ್ಟುಗಳು ಒಂದೊಂದೇ ಸಡಿಲಾಗುತ್ತಿದ್ದವು.

ಕಂಪನಿಗಳೂ ಕಸಿಯ ಗುಟ್ಟು ಕಲಿತವು. ಟಾಟಾದವರು 2005ರಲ್ಲಿ ಏಸ್ ತಂದರು, ಜನ ಅದನ್ನು ಛೋಟಾ ಹಾಥಿ ಎಂದರು. ಅದರ 702 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಇಂಡಿಕಾ ಕಾರಿನ 1.4 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಅರ್ಧ ಮಾಡಿದ್ದು. ಶಕ್ತಿ 16 ಅಶ್ವಶಕ್ತಿ, ಅಗಲ ಐದಡಿಯ ಸುಮಾರು. ಹೊಸ ಎಂಜಿನ್ನಿಗೆ ಕೋಟಿಗಟ್ಟಲೆ ಸುರಿಯದೆ, ಬಿಡಿಭಾಗ ಎಲ್ಲೆಡೆ ಸಿಗುವ ಎಂಜಿನ್ನನ್ನೇ ಮುರಿದು ಕಟ್ಟಿದ ಈ ಬುದ್ಧಿ ಯಾವ ಲೇತ್ ಅಂಗಡಿಯವನಿಗೂ ಒಪ್ಪಿಗೆಯಾಗುವಂಥದ್ದು. ಅದರ ತಮ್ಮನಂಥ ಏಸ್ ಜಿಪ್ ಧಾರವಾಡದಲ್ಲೇ ತಯಾರಾಯಿತು. ತೋಟದ ಗೇಟಿನವರೆಗಿನ ದಾರಿಯನ್ನು ಇವು ಗೆದ್ದವು. ಗೇಟಿನ ಒಳಗೆ ಟಿಲ್ಲರು, ಅದರ ಜತೆಗೆ ವಿಎಸ್‌ಟಿಯದೇ 18.5 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರು.

ಇದೇ ಹೊತ್ತಿಗೆ ಹಿರೇಗುಂಟನೂರು, ಭೀಮಸಮುದ್ರದ ರಸ್ತೆಗಳಲ್ಲಿ ಅದಿರಿನ ಟಿಪ್ಪರುಗಳ ದರ್ಬಾರು. ಅಡಿಕೆ ಮರದ ಮೇಲೆ ಕೆಂಪು ಧೂಳು, ರಸ್ತೆಯಲ್ಲಿ ಮೊಣಕಾಲುದ್ದ ಗುಂಡಿ. ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, 2011ರ ಆಗಸ್ಟಿನಲ್ಲಿ ಅದನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿದಾಗ ಹತ್ತು ಚಕ್ರದ ಗಾಡಿಗಳು ಸಾಲ ಹೊತ್ತು ನಿಂತವು. ಕೆಲವು ವರ್ಷಗಳ ನಂತರ ಬರ ಬಂತು. ಕೊಳವೆ ಬಾವಿ ಬತ್ತಿದಾಗ ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಬೆಳೆಗಾರರು ಟ್ಯಾಂಕರಿನಲ್ಲಿ ನೀರು ತಂದು ಮರಗಳಿಗೆ ಎರೆದರು. ಟ್ರ್ಯಾಕ್ಟರಿನ ಹಿಂದಿನ ತಳ ಬದಲಾಗಿ ಅದರ ಮೇಲೆ ತೊಟ್ಟಿ ಕೂತಿತು.

ಇನ್ನೂ ಸಣ್ಣ ಎಂಜಿನ್ನೂ ಅಡಿಕೆಗೆ ಬಂದಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮರ ಹತ್ತುವ ಬೈಕು ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ಅದರಲ್ಲಿ ತಳವೇ ಅಡಿಕೆ ಮರ, ಎರಡು ಪುಟ್ಟ ಚಕ್ರ ಅದನ್ನು ತಬ್ಬಿ ಹಿಡಿಯುತ್ತವೆ. ಮೇಲೆತ್ತಲು ಸಣ್ಣ ಪೆಟ್ರೋಲ್ ಎಂಜಿನ್. ಮರ ಹತ್ತುವವರೇ ಸಿಗದ ಕಾಲದಲ್ಲಿ ಹುಟ್ಟಿದ ಗಾಡಿ ಅದು.

ಗ್ಯಾರೇಜಿನ ಕಸಿಗೆ ಈಗ ಕಾನೂನು ಅಡ್ಡ ನಿಂತಿದೆ, ನಿಲ್ಲಬೇಕಾದ್ದೇ. ಜುಗಾಡ್ ಕೂಡ ಮೋಟಾರು ವಾಹನವೇ, ನಿಯಮ ಅದಕ್ಕೂ ಅನ್ವಯ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಬಂದ ತೀರ್ಪು ಇನ್ನೂ ಖಡಕ್ಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಂತೆ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು. ತೋಟದ ಬೇಲಿಯೊಳಗೆ ಓಡುವ ಗಾಡಿಗೆ ಆರ್‌ಸಿ ಬುಕ್ ಯಾರೂ ಕೇಳಲಾರರು. ಅದೇ ಗಾಡಿ ಜಾತ್ರೆಯ ದಿನ ಮಕ್ಕಳು ಮರಿ ತುಂಬಿಕೊಂಡು ಹೆದ್ದಾರಿಗೆ ಬಂದರೆ ವಿಮೆಯವರೂ ಕೈ ಎತ್ತುತ್ತಾರೆ, ಕೋರ್ಟೂ ಕೈ ಹಿಡಿಯುವುದಿಲ್ಲ.

ಈಗಿನ ಸರದಿ ಬ್ಯಾಟರಿಯದು. ಇದರಲ್ಲೂ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಕಂಪನಿಯೊಂದರ ಜತೆ 1994ರಲ್ಲಿ ರೇವಾ ಕಂಪನಿ ಕಟ್ಟಿ, 2001ರಲ್ಲಿ ಪುಟ್ಟ ಕಾರು ಮಾರಾಟಕ್ಕೆ ಬಿಟ್ಟಿತು. ಉಕ್ಕಿನ ಕೊಳವೆಗಳ ಹಂದರ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿ. ಗಾಲ್ಫ್ ಗಾಡಿಗೆ ಹಾಕುವುದೂ ಇದೇ ಜಾತಿಯ ಬ್ಯಾಟರಿ. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಕಾರೆಂದು ಕರೆದದ್ದಕ್ಕೆ ಮೂಗು ಮುರಿದವರು ಅಲ್ಲಿ ಬಹಳ ಮಂದಿ. 2010ರಲ್ಲಿ ಮಹೀಂದ್ರ ಅದನ್ನು ಕೊಂಡಿತು. ಹಂಪಿಯಲ್ಲಿ ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಸ್ಥಾನದವರೆಗೆ ಪ್ರವಾಸಿಗರನ್ನು ಒಯ್ಯುವ ಬ್ಯಾಟರಿ ಗಾಡಿಗಳು ಗಾಲ್ಫ್ ಗಾಡಿಯ ನೇರ ನೆಂಟರು. ಅವುಗಳನ್ನು ಓಡಿಸುವ ಹೆಣ್ಣುಮಕ್ಕಳನ್ನು ಹಂಪಿ ನೋಡಿದವರೆಲ್ಲ ಬಲ್ಲರು.

ಅಡಿಕೆ ತೋಟಕ್ಕೂ ಬ್ಯಾಟರಿಯ ತಳ್ಳುಗಾಡಿ, ನಾಲ್ಕು ಚಕ್ರದ ಸಣ್ಣ ಗಾಡಿಗಳು ಬರತೊಡಗಿವೆ. ಸದ್ದಿಲ್ಲ, ಹೊಗೆಯಿಲ್ಲ, ನಿಂತಲ್ಲಿಂದಲೇ ಜಗ್ಗುವ ಬಲ ಚೆನ್ನಾಗಿದೆ. ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವ ಜಿಲ್ಲೆಗೆ ಇದು ಒಪ್ಪುವ ಎಂಜಿನ್ ಎಂದು ವಾದಿಸಬಹುದು. ಹಳೆಯ ಪ್ರಶ್ನೆ ಮಾತ್ರ ಹಾಗೇ ಇದೆ. ಕಂಟ್ರೋಲರ್ ಸುಟ್ಟರೆ ಸರಿಮಾಡುವವನು ಹೋಬಳಿಯಲ್ಲಿ ಇದ್ದಾನೆಯೇ? ಇಲ್ಲದಿದ್ದರೆ ಗಾಡಿ ಕೊರಿಯರಿನ ಪಾರ್ಸಲಿಗೆ ಕಾದು ವಾರಗಟ್ಟಲೆ ಹುಲ್ಲಿನಲ್ಲಿ ನಿಲ್ಲುತ್ತದೆ. ಸದ್ಯಕ್ಕೆ ತೋಟದಲ್ಲಿ ಟಿಲ್ಲರೇ ಗೆಲ್ಲುವುದು ಇದೇ ಕಾರಣಕ್ಕೆ. ಬ್ಯಾಟರಿ ಗಾಡಿಗಳ ರಿಪೇರಿ ಕಲಿತ ಹುಡುಗರು ಹೊಳಲ್ಕೆರೆ, ಹೊಸದುರ್ಗದಲ್ಲಿ ಅಂಗಡಿ ತೆರೆದ ಮೇಲೆ ಮಾತು ಬೇರೆ.

ಚಿತ್ರದುರ್ಗದ ಶಾಸನ, ವೀರಗಲ್ಲು, ಫಿರಂಗಿಗಳಿಗೆ ವಸ್ತು ಸಂಗ್ರಹಾಲಯದಲ್ಲಿ ಜಾಗ ಸಿಕ್ಕಿದೆ. ಹರಿಹರದ ಲೇತು, ಮೊದಲ ತಲೆಮಾರಿನ ಟಿಲ್ಲರು, ಇದ್ದಿಲು ಬಸ್ಸಿನ ಹಂಡೆ ಇವಕ್ಕೆ ಸಿಕ್ಕಿರುವುದು ಗುಜರಿ ಅಂಗಡಿ. ಅಂಥದ್ದೇನಾದರೂ ಹಿತ್ತಿಲಿನಲ್ಲಿ, ಹಳೆಯ ಗ್ಯಾರೇಜಿನ ಮೂಲೆಯಲ್ಲಿ ಉಳಿದಿದ್ದರೆ ತೂಕಕ್ಕೆ ಹಾಕುವ ಮುನ್ನ ಒಂದು ಫೋಟೊ ತೆಗೆದಿಡಿ, ಅದನ್ನು ಓಡಿಸಿದವರಿಂದ, ರಿಪೇರಿ ಮಾಡಿದವರಿಂದ ನಾಲ್ಕು ಮಾತು ಬರೆಸಿಕೊಳ್ಳಿ. ಮೂಕಿ ಮಾಡಿದ ಬಡಗಿಯ ಹೆಸರು ಹೇಗೂ ಉಳಿಯಲಿಲ್ಲ. ಲೇತ್ ಹಿಡಿದವರಲ್ಲಿ ಹಲವರು ಇನ್ನೂ ಇದ್ದಾರೆ.